ಡೆವನ್‌ನಲ್ಲಿ ಸಿಕ್ಕ ನಮ್ಮೂರ ಹಕ್ಕಿ

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಕೌಂಟಿಯಲ್ಲಿ ಒಂದು ಪುಟ್ಟ ರೈಲು ಮಾರ್ಗವಿದೆ. ಎಕ್ಸೆಟರ್ ನಗರದಿಂದ ಎಕ್ಸ್‌ಮೌತ್ ಎಂಬ ಕಡಲೂರಿಗೆ ಹೋಗುವ ಅದರ ಹೆಸರು ಅವೊಸೆಟ್ ಲೈನ್. ಅವೊಸೆಟ್ ಅನ್ನೋದು ಒಂದು ಹಕ್ಕಿಯ ಹೆಸರು ಅಂತ ನನಗೆ ಗೊತ್ತಾಗಿದ್ದು, ಆ ರೈಲಿನಲ್ಲಿ ಆರು ತಿಂಗಳು ಓಡಾಡಿದ ಮೇಲೆ! ಅಷ್ಟು ದಿನವೂ ಕಿಟಕಿಯ ಆಚೆ ಹಕ್ಕಿ, ಈಚೆ ನಾನು, ನಡುವೆ ಮೊಬೈಲ್.

ಕೆಲಸಕ್ಕೆಂದು ಬಂದ ಮೊದಲ ಚಳಿಗಾಲ ಅದು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆಯ ನಂತರ, ಮುಳುಗುವುದು ನಾಲ್ಕೂಕಾಲಿಗೆ. ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿ ಎರಡು ಟಿಕೆಟ್ ಕ್ಲೋಸ್ ಮಾಡುವಷ್ಟರಲ್ಲಿ ದಿನವೇ ಕ್ಲೋಸ್. ವೀಕೆಂಡ್ ಬಂದರೆ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ. ನನ್ನ ಮುಖ ನೋಡಿಯೋ ಏನೋ, ಪಕ್ಕದ ಡೆಸ್ಕಿನ ಸಹೋದ್ಯೋಗಿ ಒಂದು ಶುಕ್ರವಾರ, "ನಾಳೆ ಟಾಪ್‌ಶಮ್‌ಗೆ ಬಾ. ಹನ್ನೊಂದಕ್ಕೆ ನೀರು ಏರುತ್ತೆ, ಒಂಬತ್ತಕ್ಕೇ ಅಲ್ಲಿರಬೇಕು" ಅಂದ. ಕಡಲ ಪಕ್ಕ ಬೆಳೆದವನಿಗೆ ನೀರು ಏರುವ ಲೆಕ್ಕ ಹೊಸದಲ್ಲ. ಹೋದೆ.

ಚಳಿಗಾಲ: ನೀರಿನ ಗಡಿಯಾರ

ಟಾಪ್‌ಶಮ್‌ನಲ್ಲಿ ಎಕ್ಸ್ ನದಿ ಅಗಲವಾಗಿ ಹರಡಿ ಅಳಿವೆಯಾಗುತ್ತದೆ. ಇಳಿತದಲ್ಲಿ ಕಣ್ಣು ಹಾಯಿಸಿದಷ್ಟೂ ಕೆಸರು. ಆ ಕೆಸರಿನಲ್ಲಿ ಹುಳು, ಚಿಪ್ಪು, ಏಡಿ ಹುಡುಕುತ್ತಾ ಸಾವಿರಾರು ಹಕ್ಕಿಗಳು ದೂರದೂರಕ್ಕೆ ಚದುರಿರುತ್ತವೆ. ಉಬ್ಬರ ಬಂದು ಕೆಸರು ಮುಳುಗತೊಡಗಿದರೆ ಎಲ್ಲವೂ ಗುಂಪುಗುಂಪಾಗಿ ಎದ್ದು ಪಕ್ಕದ ಬೌಲಿಂಗ್ ಗ್ರೀನ್ ಮಾರ್ಶ್ ಎಂಬ ಜೌಗು ಹುಲ್ಲುಗಾವಲಿಗೆ ಬಂದಿಳಿಯುತ್ತವೆ. ಅಲ್ಲೊಂದು ಮರದ ಮರೆಮನೆ ಇದೆ. ಒಳಗೆ ಬೆಂಚು, ಎದುರಿಗೆ ಉದ್ದನೆಯ ಕಿಂಡಿ. ಟಿಕೆಟ್ ಇಲ್ಲ. ಸುಮ್ಮನೆ ಕೂತರೆ ಹಕ್ಕಿಗಳೇ ನಮ್ಮ ಮುಂದೆ ಬರುತ್ತವೆ.

ಮೊದಲು ಸೈಬೀರಿಯಾದಿಂದ ಬಂದ ಬ್ರೆಂಟ್ ಬಾತುಗಳನ್ನು ತೋರಿಸಿದ. ಅಳಿವೆಯ ತಳದಲ್ಲಿ ಬೆಳೆಯುವ ಕಡಲಹುಲ್ಲು ಮೇಯಲು ಅಷ್ಟು ದೂರದ ಪಯಣ! ಆಮೇಲೆ ನಮ್ಮ ರೈಲಿನ ಅವೊಸೆಟ್. ಕಪ್ಪು ಬಿಳುಪು ಮೈ, ಮೇಲಕ್ಕೆ ಬಾಗಿದ ತೆಳು ಕೊಕ್ಕು. ನೆಲ ಒರೆಸುವಂತೆ ಕೊಕ್ಕನ್ನು ಆಚೀಚೆ ಆಡಿಸುತ್ತಾ ತಿನ್ನುತ್ತದೆ. 19ನೇ ಶತಮಾನದಲ್ಲಿ ಬ್ರಿಟನ್‌ನಲ್ಲಿ ಗೂಡು ಕಟ್ಟುವುದನ್ನೇ ನಿಲ್ಲಿಸಿದ್ದ ಹಕ್ಕಿ ಇದು. ಎರಡನೇ ಮಹಾಯುದ್ಧದಲ್ಲಿ ಶತ್ರು ಇಳಿಯದಿರಲೆಂದು ಪೂರ್ವ ಕರಾವಳಿಯ ಗದ್ದೆಬಯಲಿಗೆ ನೀರು ನುಗ್ಗಿಸಿದ್ದರು. ಹಾಗಾದ ಜೌಗು ನೆಲಕ್ಕೆ 1947ರಲ್ಲಿ ಅವೊಸೆಟ್ ತಾನಾಗಿ ಮರಳಿತು. ಇಂದು ಅದು ಇಲ್ಲಿನ ಪ್ರಸಿದ್ಧ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಲಾಂಛನ.

ಮೂರನೆಯದು ಕರ್ಲ್ಯೂ. ಮಣ್ಣಿನ ಬಣ್ಣದ ದೊಡ್ಡ ಹಕ್ಕಿ, ಕುಡುಗೋಲಿನಂತೆ ಕೆಳಕ್ಕೆ ಬಾಗಿದ ಉದ್ದನೆಯ ಕೊಕ್ಕು. ಫೋಟೊ ತೆಗೆದು ಕುಂದಾಪುರದಲ್ಲಿರುವ ಅಪ್ಪಯ್ಯನಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು: "ಇದ್ ನಮ್ ಹೊಳಿ ಬದಿ ಕೆಸ್ರಂಗೂ ಬತ್ತ್ ಅಲ್ದಾ ಮಗಾ? ಇದನ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ?"

ನಾನು ನಂಬಲಿಲ್ಲ. ಹುಡುಕಿ ನೋಡಿದರೆ ಅಪ್ಪಯ್ಯ ಹೇಳಿದ್ದೇ ಸರಿ. ಚಳಿಗಾಲದಲ್ಲಿ ಕರ್ಲ್ಯೂ ಭಾರತದ ಕರಾವಳಿಗೂ ಬರುತ್ತದೆ. ಹಾರಿ ಬರುವ ಬಳಗ ಬೇರೆ, ಜಾತಿ ಒಂದೇ. ಇಪ್ಪತ್ತೆರಡು ವರ್ಷ ಮನೆ ಹಿತ್ತಲಿನ ಆಚೆ ನಿಂತಿದ್ದ ಹಕ್ಕಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ವಸಂತ: ಒಂದು ಕೂಗಿತು, ಇನ್ನೊಂದು ಇಲ್ಲ

ಏಪ್ರಿಲ್ ಕೊನೆಗೆ ಡಾರ್ಟ್‌ಮೂರ್ ಹತ್ತಿದೆವು. ಮೂರ್ ಅಂದರೆ ಗಾಳಿ ಬೀಸುವ ಎತ್ತರದ ಬೋಳು ಬಯಲು. ಹುಲ್ಲು, ಕುರುಚಲು ಗಿಡ, ಜೌಗು, ನಡುನಡುವೆ ಕಲ್ಲುಬಂಡೆಯ ಗುಡ್ಡೆ. ನಮ್ಮ ಕುದುರೆಮುಖದ ಹುಲ್ಲುಗುಡ್ಡಗಳಿಂದ ಶೋಲೆ ಕಾಡನ್ನು ಅಳಿಸಿದರೆ ಹೇಗೋ ಹಾಗೆ. ಅತಿ ಎತ್ತರದ ಜಾಗ 621 ಮೀಟರ್.

ಎಮ್ಸ್‌ವರ್ದಿ ಎಂಬಲ್ಲಿ ಕುಕ್ಕೂ ಕೂಗಿತು, ಗೋಡೆ ಗಡಿಯಾರದಲ್ಲಿ ಕೇಳಿದ ಅದೇ ಎರಡು ಸ್ವರ. ನಮ್ಮ ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟರೆ, ಈ ಬಯಲಿನಲ್ಲಿ ಕುಕ್ಕೂ ಆರಿಸಿಕೊಳ್ಳುವುದು ಮೆಡೋ ಪಿಪಿಟ್ ಎಂಬ ಗುಬ್ಬಿ ಗಾತ್ರದ ಹಕ್ಕಿಯ ಗೂಡನ್ನು. ಮರಿ ಹೊರಬರುವಷ್ಟರಲ್ಲಿ ಅನೇಕ ದೊಡ್ಡ ಕುಕ್ಕೂಗಳು ಆಫ್ರಿಕಾದ ಹಾದಿ ಹಿಡಿದಿರುತ್ತವೆ. 2011ರಿಂದ ಸಂಶೋಧಕರು ಕುಕ್ಕೂಗಳ ಬೆನ್ನಿಗೆ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿ, ಕಾಂಗೋ ಕಾಡಿನವರೆಗೂ ಉಪಗ್ರಹದ ಮೂಲಕ ಹಿಂಬಾಲಿಸುತ್ತಿದ್ದಾರೆ.

ನಾನು ಕಾಯುತ್ತಿದ್ದದ್ದು ಕರ್ಲ್ಯೂ ದನಿಗೆ. ಚಳಿಗಾಲವನ್ನು ಅಳಿವೆಯಲ್ಲಿ ಕಳೆಯುವ ಈ ಹಕ್ಕಿ ಮರಿ ಮಾಡುವುದು ಇಂಥ ಬಯಲುಗಳಲ್ಲಿ, ನೆಲದ ಮೇಲೆ. ಆಗ ಅದರ ಹಾಡೇ ಬೇರೆ: ಮಡಕೆಯಲ್ಲಿ ನೀರು ಕುದಿಯುವ ಗುಳುಗುಳು ಏರುತ್ತಾ ಹೋಗಿ ಶಿಳ್ಳೆಯಾದಂತೆ. ಯೂಟ್ಯೂಬಿನಲ್ಲಿ ಹತ್ತಾರು ಸಲ ಕೇಳಿ ಬಂದಿದ್ದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆದರೂ ಒಂದೂ ಕೂಗಲಿಲ್ಲ.

ದಾರಿಯಲ್ಲಿ ಸಿಕ್ಕ ವಯಸ್ಸಾದ ರೈತರೊಬ್ಬರನ್ನು ಕೇಳಿದೆ. "ನಾನು ಹುಡುಗನಾಗಿದ್ದಾಗ ಆ ಸದ್ದಿಗೇ ಎಚ್ಚರವಾಗುತ್ತಿತ್ತು. ಯಾವ ವರ್ಷ ನಿಂತಿತು ಅಂತ ಕೇಳಬೇಡ, ಗಮನಿಸಲೇ ಇಲ್ಲ" ಅಂದರು. ಆ ಮಾತು ನನಗೆ ತಾಗಿತು. ಅವರದು ಕಳೆದುಹೋದದ್ದನ್ನು ಗಮನಿಸದ ಕಥೆ, ನನ್ನದು ಎದುರಿಗಿದ್ದದ್ದನ್ನೇ ಗಮನಿಸದ ಕಥೆ.

ಜಗತ್ತಿನಲ್ಲಿ ಮರಿ ಮಾಡುವ ಕರ್ಲ್ಯೂಗಳಲ್ಲಿ ಸುಮಾರು ಕಾಲು ಭಾಗ ಬ್ರಿಟನ್‌ನವು. 2015ರಲ್ಲಿ ಅವನ್ನು ಇಲ್ಲಿ ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು. ಜೌಗು ನೆಲ ಒಣಗಿಸಿದ್ದು, ಮರಿ ಹಾರುವ ಮೊದಲೇ ಹುಲ್ಲು ಕೊಯ್ಯುವುದು, ನರಿ ಮತ್ತು ಕಾಗೆಗಳ ಕಾಟ ಎಲ್ಲ ಸೇರಿ ಮರಿಗಳು ಉಳಿಯುತ್ತಿಲ್ಲ. ಡಾರ್ಟ್‌ಮೂರ್‌ನಲ್ಲಂತೂ ಗೂಡು ಕಟ್ಟುವ ಜೋಡಿಗಳು ಇಲ್ಲವೆನ್ನುವಷ್ಟು ಕಡಿಮೆ.

ಬೇಸಿಗೆ: 118ರಿಂದ ಸಾವಿರಕ್ಕೆ

ಬೇಸರದಲ್ಲಿದ್ದ ನನ್ನನ್ನು ಜೂನ್‌ನಲ್ಲಿ ಸಹೋದ್ಯೋಗಿ ದಕ್ಷಿಣ ಕರಾವಳಿಯ ಲ್ಯಾಬ್ರಡಾರ್ ಬೇಗೆ ಕರೆದೊಯ್ದ. ಕಡಲಿಗೆ ಇಳಿಯುವ ಹೊಲ, ದಪ್ಪ ಬೇಲಿಸಾಲು. ಬೇಲಿಯ ತುದಿಯಲ್ಲಿ ಹಳದಿ ಮುಖಕ್ಕೆ ಕಪ್ಪು ಪಟ್ಟೆ ಬಳಿದಂಥ ಹಕ್ಕಿ, ಸರ್ಲ್ ಬಂಟಿಂಗ್. 1989ರಲ್ಲಿ ಇಡೀ ಬ್ರಿಟನ್‌ನಲ್ಲಿ ಇವು ಉಳಿದಿದ್ದದ್ದು 118 ಜೋಡಿ, ಹೆಚ್ಚೂಕಡಿಮೆ ಎಲ್ಲವೂ ದಕ್ಷಿಣ ಡೆವನ್‌ನಲ್ಲೇ.

ಸಮಸ್ಯೆಯ ಮೂಲ ಹುಡುಕಿದಾಗ ಸಿಕ್ಕಿದ್ದು ಸರಳ ಸಂಗತಿ. ಚಳಿಗಾಲಕ್ಕೆ ಕೂಳೆಹೊಲದಲ್ಲಿ ಉದುರಿದ ಕಾಳು ಬೇಕು, ಬೇಸಿಗೆಯಲ್ಲಿ ಮರಿಗಳಿಗೆ ಮಿಡತೆ ಬೇಕು, ಗೂಡಿಗೆ ದಪ್ಪ ಬೇಲಿ ಬೇಕು. ಕೊಯ್ಲಾದ ಕೂಡಲೇ ಹೊಲ ಉಳದೆ ಬಿಡುವ ರೈತರಿಗೆ ಸರ್ಕಾರ ಹಣ ಕೊಟ್ಟಿತು. 2016ರ ಎಣಿಕೆಯಲ್ಲಿ ಸಿಕ್ಕಿದ್ದು 1,078 ಜೋಡಿ! ಬಗ್ ಎಲ್ಲಿದೆ ಅಂತ ಸರಿಯಾಗಿ ತಿಳಿದರೆ ಸರಿಪಡಿಸಬಹುದು. ಆದರೆ ಮೊದಲು ಯಾರಾದರೂ ಕೂತು ಎಣಿಸಿರಬೇಕು, ಅಷ್ಟೇ.

ಕರ್ಲ್ಯೂಗೂ ಅಂಥ ಪ್ರಯತ್ನ ನಡೆದಿದೆ. ಪೂರ್ವ ಇಂಗ್ಲೆಂಡಿನ ವಾಯುನೆಲೆಗಳ ಹುಲ್ಲಿನಲ್ಲಿ ಅವು ಇಡುವ ಮೊಟ್ಟೆಗಳನ್ನು ವಿಮಾನ ಸುರಕ್ಷತೆಗಾಗಿ ತೆಗೆಯಲೇಬೇಕಿತ್ತು. ಅವನ್ನು ಸಾಯಲು ಬಿಡದೆ, ಮರಿ ಮಾಡಿಸಿ ಬೆಳೆಸಿ ಡಾರ್ಟ್‌ಮೂರ್‌ನಲ್ಲಿ ಹಾರಿಬಿಟ್ಟಿದ್ದಾರೆ, ಗುರುತಿಗೆ ಕಾಲಿಗೆ ಉಂಗುರ ತೊಡಿಸಿ.

ಶರತ್ಕಾಲ: ಮತ್ತೆ ಅದೇ ಕಿಟಕಿ

ಮಕ್ಕಳಿಗೆ ಬೇಸಿಗೆ ರಜೆ ಮುಗಿಯುವ ಮೊದಲೇ ಕರ್ಲ್ಯೂಗಳಿಗೆ ಬೇಸಿಗೆ ಮುಗಿದಿರುತ್ತದೆ. ಜುಲೈನಿಂದಲೇ ಒಂದೊಂದಾಗಿ ಅಳಿವೆಗೆ ಮರಳುತ್ತವೆ. ಅಕ್ಟೋಬರಿಗೆ ಬ್ರೆಂಟ್ ಬಾತುಗಳೂ ಬಂದು, ಸಂಜೆ ಮತ್ತೆ ಕಿರಿದಾಯಿತು. ಈಗ ರೈಲಿನಲ್ಲಿ ಮೊಬೈಲ್ ಜೇಬಿನಲ್ಲೇ ಇರುತ್ತದೆ. ನೀರಿನ ಕಡೆಯ ಸೀಟು ಹಿಡಿದು ಪ್ರತಿ ಕರ್ಲ್ಯೂವಿನ ಕಾಲು ನೋಡುತ್ತೇನೆ. ಉಂಗುರ ಇನ್ನೂ ಕಂಡಿಲ್ಲ.

ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದ್ದೆ. ಡೆವನ್‌ನ ಹಕ್ಕಿ ಕುಂದಾಪುರಕ್ಕೆ ಬರುವುದಿಲ್ಲ ಅಂತಲೂ ಹೇಳಿದ್ದೆ. ಆದರೂ ಅವರು ನನ್ನ ಹಳೇ ಬೈನಾಕ್ಯುಲರ್ ಹಿಡಿದು ದಿನಾ ಇಳಿತದ ಹೊತ್ತಿಗೆ ಹಿತ್ತಲಿಗೆ ಹೋಗುತ್ತಾರಂತೆ. ಮೊನ್ನೆ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಅವರ ಮೆಸೇಜ್ ಇತ್ತು:

"ಇವತ್ ನಾಕ್ ಇತ್ತ್. ಕಾಲಂಗೆ ಉಂಗ್ರ ಇಲ್ಲೆ. ನಾಳೆ ಕಾಂಬ."