ಬಿಳಿ ಫಿಲ್ಲಿಂಗ್ ಹಲ್ಲಿಗೆ ಕಚ್ಚಿಕೊಳ್ಳುವುದು ಹೇಗೆ?

ನಲವತ್ತೈದು ದಾಟಿದವರು ಕನ್ನಡಿಯ ಮುಂದೆ ಬಾಯಿ ಅಗಲಿಸಿ ದವಡೆ ಹಲ್ಲು ನೋಡಿಕೊಂಡರೆ ಅಲ್ಲೊಂದು ಇಲ್ಲೊಂದು ಕಪ್ಪು ಬೂದು ಬಣ್ಣದ ಫಿಲ್ಲಿಂಗ್ ಕಂಡೀತು. ಅವರ ಮಕ್ಕಳ ಬಾಯಲ್ಲಿ ಅದು ಅಪರೂಪ. ಹುಳುಕು ತುಂಬಿಸಲು ಹೋದವರು ಈಗ ಕೇಳುವ ಮೊದಲ ಮಾತೇ ‘ಬಿಳಿದೇ ಹಾಕಿ ಡಾಕ್ಟ್ರೇ’. ನಕ್ಕಾಗ ಹಲ್ಲು ಹಲ್ಲಿನಂತೆಯೇ ಕಾಣಲಿ ಎನ್ನುವ ಆಸೆ ಸಹಜವಾದದ್ದು. ಆದರೆ ಹಳೆಯದಕ್ಕೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಬೆಳ್ಳಿ ಫಿಲ್ಲಿಂಗ್ ಹಲ್ಲಿನ ಗುಳಿಯೊಳಗೆ ಸಿಕ್ಕಿಕೊಂಡು ಕೂತಿರುತ್ತದೆ, ಬಿಳಿಯದು ಅಂಟಿಕೊಂಡಿರುತ್ತದೆ. ಈ ಅಂಟಿನ ಗುಣ ತಿಳಿದರೆ ಅಪ್ಪನ ದವಡೆಗೆ ಒಂದು ವಸ್ತು, ಮಗಳ ಹಾಲುಹಲ್ಲಿಗೆ ಇನ್ನೊಂದು ಯಾಕೆ ಎಂಬುದೂ ತಿಳಿಯುತ್ತದೆ.

ಬೆಳ್ಳಿ ಫಿಲ್ಲಿಂಗ್ ಎಂದು ಕರೆಯುವ ಅಮಾಲ್ಗಂನ ತೂಕದಲ್ಲಿ ಅರ್ಧದಷ್ಟು ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಕಲಸಿದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಈ ಮಿಶ್ರಲೋಹಕ್ಕೆ ಹಲ್ಲಿನ ಮೇಲೆ ಹಿಡಿತವೇ ಇಲ್ಲ. ಅದು ಕಿತ್ತು ಬರಬಾರದೆಂದರೆ ಗುಳಿಯ ಬಾಯಿ ಕಿರಿದಾಗಿಯೂ ತಳ ಅಗಲವಾಗಿಯೂ ಇರಬೇಕು. ಅದಕ್ಕಾಗಿ ವೈದ್ಯರು ಹುಳುಕಿನ ಜೊತೆಗೆ ಒಂದಿಷ್ಟು ಆರೋಗ್ಯವಂತ ಹಲ್ಲನ್ನೂ ಕೊರೆಯಬೇಕಾಗುತ್ತಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಹಾಗೆಯೇ ಹಲ್ಲು ತುಂಬಿಸಿತು.

ಇದನ್ನು ಬದಲಿಸಿದ್ದು ಅಮೆರಿಕದ ರಾಚೆಸ್ಟರ್ ನಗರದ ಈಸ್ಟ್‌ಮನ್ ದಂತ ಚಿಕಿತ್ಸಾಲಯದಲ್ಲಿದ್ದ ಮೈಕಲ್ ಬ್ಯೂನೊಕೋರ್. ಲೋಹಕ್ಕೆ ಬಣ್ಣ, ರಾಳದ ಲೇಪನಗಳು ಚೆನ್ನಾಗಿ ಹಿಡಿಯಲಿ ಎಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಿದ್ದರು. ಹಲ್ಲಿನ ಮೇಲೂ ಹಾಗೆ ಮಾಡಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಹಲ್ಲಿನ ಹೊರಪದರವಾದ ಎನಾಮಲ್‌ಗೆ ಆಮ್ಲ ತಾಗಿಸಿದರೆ ಅಕ್ರಿಲಿಕ್ ರಾಳ ಎಷ್ಟೋ ಪಟ್ಟು ಹೆಚ್ಚು ಕಾಲ ಅಂಟಿ ನಿಲ್ಲುವುದನ್ನು 1955ರಲ್ಲಿ ಪ್ರಕಟಿಸಿದರು. ಹಲ್ಲನ್ನು ಕೆಡಿಸುವುದೇ ಆಮ್ಲ ಎಂದು ನಂಬಿದ್ದ ದಂತವೈದ್ಯರು ಅದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು.

ಇವತ್ತು ಯಾವ ಕ್ಲಿನಿಕ್‌ನಲ್ಲಾದರೂ ಆ ಕೆಲಸವನ್ನು ನೋಡಬಹುದು. ಸೂಜಿಮೊನೆಯ ಸಿರಿಂಜಿನಿಂದ ಗುಳಿಯ ಅಂಚಿಗೆ ಬಣ್ಣದ ಜೆಲ್ ಒಂದನ್ನು ಹಚ್ಚುತ್ತಾರೆ. ಅದು ಶೇ 37ರ ಆಸುಪಾಸಿನ ಫಾಸ್ಫಾರಿಕ್ ಆಮ್ಲ. ಹದಿನೈದು ಸೆಕೆಂಡು ಬಿಟ್ಟು ತೊಳೆದು ಗಾಳಿ ಊದಿದರೆ ಹೊಳೆಯುತ್ತಿದ್ದ ಎನಾಮಲ್ ಸುಣ್ಣದಂಥ ಮಾಸಲು ಬಿಳಿಗೆ ತಿರುಗುತ್ತದೆ. ತೂಕದಲ್ಲಿ ಶೇ 96ರಷ್ಟು ಖನಿಜವೇ ಆಗಿರುವ ಎನಾಮಲ್‌ನ ಹರಳುಗಳು ಅಲ್ಲಿ ತುಸು ಕರಗಿ, ಮೈಕ್ರಾನ್ ಲೆಕ್ಕದ ಲಕ್ಷಾಂತರ ತೂತುಗಳು ಬಿದ್ದಿರುತ್ತವೆ. ನುಣುಪು ಗೋಡೆಗೆ ಗಿಲಾವು ಮಾಡುವ ಮೊದಲು ಮೇಸ್ತ್ರಿ ಕಚ್ಚು ಹಾಕುವಂತೆಯೇ ಇದು. ಮೇಲೆ ಸವರುವ ನೀರಾದ ರಾಳ ಆ ತೂತುಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಆ ಮಾಸಲು ಬಿಳುಪು ಕಾಣಿಸಿದ ಮೇಲೆ ಒಂದು ಹನಿ ಜೊಲ್ಲು ತಾಗಿದರೂ ತೂತುಗಳು ಮುಚ್ಚಿಹೋಗುತ್ತವೆ, ಕೆಲಸ ಮತ್ತೆ ಮೊದಲಿನಿಂದ. ಅದಕ್ಕೇ ಕೆಲವು ವೈದ್ಯರು ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಬಿಗಿಯುತ್ತಾರೆ. ರೋಗಿಗೆ ಅದು ಕಿರಿಕಿರಿ. ಹಾಗಿದ್ದೂ ಅದನ್ನು ಬಳಸುವ ವೈದ್ಯರು ಸಿಕ್ಕರೆ ಸಂತೋಷಪಡಿ ಎಂದೇ ಹೇಳುತ್ತೇನೆ.

ಅಂಟಿಸುವುದು ತಿಳಿದ ಮೇಲೆ ಅಂಟಿಸಲು ತಕ್ಕ ವಸ್ತು ಬೇಕಾಯಿತು. ಬರಿಯ ಅಕ್ರಿಲಿಕ್ ಗಟ್ಟಿಯಾಗುವಾಗ ಬಹಳ ಕುಗ್ಗುತ್ತಿತ್ತು, ಬೇಗ ಸವೆಯುತ್ತಿತ್ತು. ಅಮೆರಿಕದ ರಫೇಲ್ ಬೋವೆನ್ ಬಿಸ್-ಜಿಎಂಎ ಎಂಬ ಭಾರವಾದ ಅಣುವಿನ ರಾಳ ತಯಾರಿಸಿ, ಅದಕ್ಕೆ ಸಿಲಿಕಾದ ಪುಡಿ ಬೆರೆಸಿ, ಪುಡಿಯ ಕಣಗಳು ರಾಳಕ್ಕೆ ಬೆಸೆದುಕೊಳ್ಳುವಂತೆ ಮಾಡಿ 1962ರಲ್ಲಿ ಪೇಟೆಂಟ್ ಪಡೆದರು. ನಾವು ಕಾಂಪೋಸಿಟ್ ಎನ್ನುವುದು ಇದನ್ನೇ. ಆಮೇಲಿನ ದಶಕಗಳಲ್ಲಿ ಆ ಪುಡಿ ನುಣ್ಣಗಾಗುತ್ತ ನ್ಯಾನೊ ಗಾತ್ರಕ್ಕೆ ಇಳಿಯಿತು, ಅದರಿಂದಾಗಿ ಹಲ್ಲಿನಷ್ಟೇ ಹೊಳಪೂ ಬಂತು.

ಕಾಂಪೋಸಿಟ್ ಗಟ್ಟಿಯಾಗುವುದು ನೀಲಿ ಬೆಳಕಿಗೆ. ಅದರೊಳಗಿನ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಸುಮಾರು 470 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹೀರಿಕೊಂಡು, ರಾಳದ ಅಣುಗಳು ಒಂದಕ್ಕೊಂದು ಸರಪಳಿ ಕಟ್ಟುವಂತೆ ಮಾಡುತ್ತದೆ. ವೈದ್ಯರು ಕಿತ್ತಳೆ ಬಣ್ಣದ ಗಾಜು ಅಡ್ಡ ಹಿಡಿಯುವುದು ಆ ನೀಲಿ ಬೆಳಕು ಕಣ್ಣಿಗೆ ಬಡಿಯದಿರಲಿ ಎಂದು. ಇಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಮಾತಿದೆ. ಹಲ್ಲುನೋವಿಗೆ ಲವಂಗದ ಎಣ್ಣೆ ಅದ್ದಿದ ಹತ್ತಿ ಇಡುವುದು ನಮ್ಮಲ್ಲಿ ರೂಢಿ, ನೋವಿಗೆ ಅದು ಒಳ್ಳೆಯದೂ ಹೌದು. ಆದರೆ ಅದರಲ್ಲಿರುವ ಯೂಜಿನಾಲ್ ಈ ಸರಪಳಿ ಕಟ್ಟುವ ಕ್ರಿಯೆಗೆ ಅಡ್ಡಿ ಮಾಡುತ್ತದೆ. ಎಣ್ಣೆ ಹಚ್ಚಿಕೊಂಡೇ ಕ್ಲಿನಿಕ್‌ಗೆ ಹೋಗಿದ್ದರೆ ಕುರ್ಚಿಯಲ್ಲಿ ಕೂರುತ್ತಲೇ ವೈದ್ಯರಿಗೆ ಹೇಳಿಬಿಡಿ.

ಅಣುಗಳು ಸರಪಳಿ ಕಟ್ಟುವಾಗ ಹತ್ತಿರ ಸರಿಯುತ್ತವೆ, ಒಟ್ಟು ಗಾತ್ರ ಶೇ 2ರಿಂದ 3ರಷ್ಟು ಕುಗ್ಗುತ್ತದೆ. ಬಿಳಿ ಫಿಲ್ಲಿಂಗ್‌ನ ದೊಡ್ಡ ತೊಂದರೆಯ ಬೇರು ಇದೇ. ಕುಗ್ಗುವ ರಾಳ ಹಲ್ಲಿನ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಅಂಟು ದುರ್ಬಲವಾಗಿದ್ದ ಕಡೆ ಕೂದಲೆಳೆಗಿಂತ ಸಣ್ಣ ಬಿರುಕು ಬಿಡುತ್ತದೆ. ಬ್ಯಾಕ್ಟೀರಿಯಾಗಳಿಗೆ ಅಷ್ಟು ಜಾಗ ಸಾಕು. ಸಾಮಾನ್ಯ ಕಾಂಪೋಸಿಟನ್ನು ಎರಡು ಮಿಲಿಮೀಟರಿನಷ್ಟು ತೆಳು ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ಬೇರೆಯಾಗಿ ಬೆಳಕು ಕೊಡುವುದು ಇದನ್ನು ತಗ್ಗಿಸಲು, ಮತ್ತು ಬೆಳಕು ತಳದ ತನಕ ಮುಟ್ಟಲಿ ಎಂದು. ಬೆಳ್ಳಿ ಫಿಲ್ಲಿಂಗ್ ತುಂಬುವುದಕ್ಕಿಂತ ಇದಕ್ಕೆ ಹೆಚ್ಚು ಸಮಯ ಹಿಡಿಯುವುದೂ ಹೆಚ್ಚು ಹಣವಾಗುವುದೂ ಈ ಕಾರಣಕ್ಕೆ. ಪದರಪದರವಾಗಿ ಮಾಡುವ ವೈದ್ಯರನ್ನು ಅವಸರಪಡಿಸಿದರೆ ನಷ್ಟ ನಮಗೇ.

ಎನಾಮಲ್‌ನ ಕೆಳಗಿರುವ ಡೆಂಟಿನ್ ಇನ್ನೂ ಹಠಮಾರಿ. ಅದರಲ್ಲಿ ನೀರಿದೆ, ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿವೆ, ಹಲ್ಲಿನ ಜೀವಭಾಗದ ತನಕ ಹೋಗುವ ಸೂಕ್ಷ್ಮ ನಾಳಗಳಿವೆ. ರಾಳಕ್ಕೆ ನೀರು ಆಗದು. ಆದರೆ ಆಮ್ಲ ಹಾಕಿದ ಮೇಲೆ ಡೆಂಟಿನ್ ಪೂರ್ತಿ ಒಣಗಿದರೆ ಕೊಲಾಜನ್ ಎಳೆಗಳು ಕುಸಿದು ರಾಳ ಇಳಿಯಲು ದಾರಿಯೇ ಇರುವುದಿಲ್ಲ. ಜಪಾನಿನ ತಕಾವೊ ಫುಸಾಯಾಮ ಡೆಂಟಿನ್‌ಗೂ ಆಮ್ಲ ಹಚ್ಚಬಹುದು ಎಂದು ಧೈರ್ಯ ಮಾಡಿದವರು. ನೊಬುವೊ ನಕಬಯಾಷಿ 1982ರಲ್ಲಿ ರಾಳವೂ ಕೊಲಾಜನ್ನೂ ಹೆಣೆದುಕೊಂಡ ಹೈಬ್ರಿಡ್ ಪದರವನ್ನು ವಿವರಿಸಿದರು. ಬಿಳಿ ಫಿಲ್ಲಿಂಗ್ ಆದ ಮೇಲೆ ಕೆಲವರಿಗೆ ತಣ್ಣೀರು ತಾಗಿದರೆ ಹಲ್ಲು ಜುಮ್ ಎನ್ನಲು ಈ ಪದರ ಸರಿಯಾಗಿ ಮುಚ್ಚಿಕೊಳ್ಳದಿರುವುದೂ ಒಂದು ಕಾರಣ. ಎರಡು ದವಡೆ ಹಲ್ಲುಗಳ ನಡುವೆ, ಒಸಡಿನ ಅಂಚಿನ ಕೆಳಗೆ ಹುಳುಕು ಇಳಿದಿದ್ದರಂತೂ ಅಲ್ಲಿ ಎನಾಮಲ್ ಇರುವುದಿಲ್ಲ, ರಕ್ತವೂ ಜೊಲ್ಲೂ ಒಸರುತ್ತಿರುತ್ತವೆ. ಬಿಳಿ ಫಿಲ್ಲಿಂಗ್ ಸೋಲುವುದು ಹೆಚ್ಚಾಗಿ ಇಂಥ ಮೂಲೆಗಳಲ್ಲೇ.

ಈ ಸೋಲಿಗೆ ಲೆಕ್ಕವೂ ಇದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ 534 ಮಕ್ಕಳು, ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ 507 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ದವಡೆಯಲ್ಲಿ ಅಮಾಲ್ಗಂ, ಉಳಿದವರಿಗೆ ಕಾಂಪೋಸಿಟ್ ಹಾಕಿ ವರ್ಷಗಟ್ಟಲೆ ಗಮನಿಸಿದರು. ಪಾದರಸದಿಂದ ಮಕ್ಕಳ ಬುದ್ಧಿಗೆ, ನರಗಳಿಗೆ, ಮೂತ್ರಪಿಂಡಕ್ಕೆ ಹಾನಿಯಾಗುತ್ತದೆಯೇ ಎಂಬುದು ಪ್ರಶ್ನೆ. 2006ರಲ್ಲಿ ಫಲಿತಾಂಶ ಹೊರಬಂದಾಗ ಎರಡೂ ಕಡೆ ಬುದ್ಧಿಶಕ್ತಿಯಲ್ಲಾಗಲಿ ನರಗಳ ಕೆಲಸದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದೇ ಮಕ್ಕಳ ಶಾಶ್ವತ ಹಲ್ಲುಗಳ ಅಂಕಿಅಂಶವನ್ನು 2014ರ ಕಾಕ್ರೇನ್ ಪರಾಮರ್ಶೆ ಒಟ್ಟುಗೂಡಿಸಿ ನೋಡಿತು. ಕಾಂಪೋಸಿಟ್ ಕೆಟ್ಟುಹೋಗುವ ಸಾಧ್ಯತೆ ಅಮಾಲ್ಗಂಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಫಿಲ್ಲಿಂಗ್ ಅಂಚಿನಲ್ಲಿ ಮತ್ತೆ ಹುಳುಕು ಹಿಡಿದದ್ದೇ ಅದಕ್ಕೆ ಮುಖ್ಯ ಕಾರಣ. ಅಂದಿನ ಕಾಂಪೋಸಿಟ್‌ಗಿಂತ ಇಂದಿನದು ಮೇಲು ಎನ್ನುವುದು ನಿಜವಾದರೂ ಈ ಎಚ್ಚರ ನಮಗಿರಬೇಕು.

ಹಾಗಾದರೆ ಬೆಳ್ಳಿಯದನ್ನು ಕೈಬಿಡುವುದೇಕೆ? ಕ್ಲಿನಿಕ್‌ನ ಚರಂಡಿಯಿಂದ, ಕಸದಿಂದ, ಚಿತಾಗಾರದ ಹೊಗೆಯಿಂದ ಪಾದರಸ ನೀರು ಸೇರುತ್ತದೆ, ಅಲ್ಲಿ ಮೀಥೈಲ್ ಪಾದರಸವಾಗಿ ಮೀನಿನ ಮೈ ಹೊಕ್ಕು ಮತ್ತೆ ನಮ್ಮ ತಟ್ಟೆಗೆ ಬರುತ್ತದೆ. 2013ರ ಮಿನಮಾಟ ಒಪ್ಪಂದ ಇದನ್ನು ತಡೆಯಲೆಂದೇ ಆದದ್ದು. ಭಾರತ 2018ರಲ್ಲಿ ಅದಕ್ಕೆ ಸೇರಿತು. ಹಾಲುಹಲ್ಲಿಗೆ, ಹದಿನೈದರ ಒಳಗಿನ ಮಕ್ಕಳಿಗೆ, ಗರ್ಭಿಣಿ ಬಾಣಂತಿಯರಿಗೆ ಅಮಾಲ್ಗಂ ಬೇಡ ಎಂಬ ನಿಲುವು 2022ರಲ್ಲೇ ಬಂದಿತ್ತು. 2034ರ ಹೊತ್ತಿಗೆ ಅದರ ಬಳಕೆಯನ್ನೇ ಕೊನೆಗಾಣಿಸಲು 2025ರ ನವೆಂಬರಿನಲ್ಲಿ ಸದಸ್ಯ ದೇಶಗಳು ಒಪ್ಪಿವೆ.

ಈಗ ಮಕ್ಕಳ ವಿಷಯ. ‘ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಖರ್ಚು’ ಎನ್ನುವ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಹಾಲುಹಲ್ಲುಗಳಲ್ಲಿ ದವಡೆ ಹಲ್ಲುಗಳು ಬೀಳುವುದು ಹತ್ತು ಹನ್ನೆರಡನೆಯ ವಯಸ್ಸಿಗೆ. ಐದಕ್ಕೇ ಕಿತ್ತರೆ ಮಗು ಅಷ್ಟು ವರ್ಷ ಅಗಿಯುವುದಾದರೂ ಹೇಗೆ? ಪಕ್ಕದ ಹಲ್ಲು ವಾಲಿಕೊಂಡು, ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಜಾಗವೂ ಇಲ್ಲದಂತಾಗುತ್ತದೆ. ಹಾಲುಹಲ್ಲಿನ ಎನಾಮಲ್ ದೊಡ್ಡವರದರ ಅರ್ಧದಷ್ಟು, ಸುಮಾರು ಒಂದು ಮಿಲಿಮೀಟರ್ ದಪ್ಪ. ಜೀವಭಾಗ ಅದರ ಹತ್ತಿರದಲ್ಲೇ ಇರುವುದರಿಂದ ಹುಳುಕು ಬೇಗ ನರಕ್ಕೆ ಮುಟ್ಟುತ್ತದೆ. ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಜೊಲ್ಲು ಧಾರಾಳ, ತಾಳ್ಮೆ ಕಡಿಮೆ. ಆಮ್ಲ, ಅಂಟು, ಪದರ, ಬೆಳಕು ಎಂದು ಅರ್ಧ ಗಂಟೆ ಒಣಗಿಸಿಟ್ಟುಕೊಳ್ಳುವ ಕಾಂಪೋಸಿಟ್‌ಗೆ ಇದು ಒಗ್ಗುವ ಜಾಗವಲ್ಲ.

ಇಲ್ಲಿ ಒದಗಿಬರುವುದು ಗ್ಲಾಸ್ ಅಯೊನೋಮರ್. ಲಂಡನ್ನಿನ ಸರ್ಕಾರಿ ರಾಸಾಯನಿಕ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ರೂಪಿಸಿ 1972ರಲ್ಲಿ ದಂತವೈದ್ಯರ ಮುಂದಿಟ್ಟ ಸಿಮೆಂಟ್ ಇದು. ಫ್ಲೋರೈಡ್ ಇರುವ ಗಾಜಿನ ಪುಡಿಯನ್ನು ಪಾಲಿಅಕ್ರಿಲಿಕ್ ಆಮ್ಲದಲ್ಲಿ ಕಲಸುತ್ತಾರೆ. ಆ ಆಮ್ಲ ಗಾಜಿನ ಜೊತೆ ವರ್ತಿಸಿ ಗಟ್ಟಿಯಾಗುವುದಲ್ಲದೆ ಹಲ್ಲಿನ ಕ್ಯಾಲ್ಸಿಯಮ್‌ಗೂ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಬೇರೆ ಅಂಟು ಬೇಡ, ಸ್ವಲ್ಪ ತೇವವನ್ನೂ ಸಹಿಸುತ್ತದೆ. ಸುತ್ತಲ ಹಲ್ಲಿಗೆ ನಿಧಾನವಾಗಿ ಫ್ಲೋರೈಡ್ ಬಿಡುತ್ತಾ, ಟೂತ್‌ಪೇಸ್ಟಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ಬಣ್ಣ ಕಾಂಪೋಸಿಟ್‌ನಷ್ಟು ಅಂದವಾಗಿ ಹೊಂದುವುದಿಲ್ಲ, ಒತ್ತಡಕ್ಕೆ ಮುರಿಯುತ್ತದೆ. ಕೆಲವು ವರ್ಷ ಉಳಿದರೆ ಸಾಕಾದ ಹಾಲುಹಲ್ಲಿನ ಸಣ್ಣ ಗುಳಿಗೆ ಈ ಕೊರತೆ ದೊಡ್ಡದಲ್ಲ.

1980ರ ದಶಕದ ನಡುವೆ ಟಾಂಜಾನಿಯಾದಲ್ಲಿ, ಕರೆಂಟೂ ಡ್ರಿಲ್ಲೂ ಇಲ್ಲದ ಹಳ್ಳಿಗಳಲ್ಲಿ, ಯೊ ಫ್ರೆಂಕೆನ್ ಮತ್ತು ಜೊತೆಗಾರರು ಇಂಥ ಅಂಟುವ ಸಿಮೆಂಟಿನಿಂದ ಒಂದು ಚಿಕಿತ್ಸೆ ಕಟ್ಟಿದರು. ಮೆತ್ತಗಾದ ಹುಳುಕನ್ನು ಚಮಚದಾಕಾರದ ಕೈ ಉಪಕರಣದಿಂದ ಕೆರೆದು, ಸಿಮೆಂಟ್ ತುಂಬಿ, ವ್ಯಾಸಲೀನ್ ಸವರಿದ ಬೆರಳಿನಿಂದ ಒತ್ತಿ ಹಿಡಿಯುವುದು. ಸೂಜಿಯಿಲ್ಲ, ಗುಂಯ್ ಎನ್ನುವ ಸದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1994ರ ಆರೋಗ್ಯ ದಿನದಂದು ಇದನ್ನು ಜಗತ್ತಿಗೆ ಪರಿಚಯಿಸಿತು, 2021ರಲ್ಲಿ ಗ್ಲಾಸ್ ಅಯೊನೋಮರನ್ನು ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ನಮ್ಮ ತಾಲ್ಲೂಕು ಆಸ್ಪತ್ರೆ, ಶಾಲಾ ಶಿಬಿರಗಳಿಗೆ ಇದಕ್ಕಿಂತ ತಕ್ಕ ಚಿಕಿತ್ಸೆ ನನಗೆ ಕಾಣದು. ಹುಳುಕು ಹಲ್ಲಿನ ಎರಡು ಮೂರು ಬದಿಗೆ ಹರಡಿದ್ದರೆ ಮಾತ್ರ ಬಿಳಿಯ ಆಸೆ ಬಿಟ್ಟು ಸ್ಟೀಲಿನ ಕ್ಯಾಪ್ ಹಾಕಿಸುವುದೇ ಲೇಸು, ಹಾಲುಹಲ್ಲಿಗೆ ಅದರಷ್ಟು ಬಾಳಿಕೆ ಬರುವುದು ಕಡಿಮೆ.

ಕೋಲಾರ, ಬಾಗೇಪಲ್ಲಿ, ಪಾವಗಡ, ಮುಂಡರಗಿಯ ಕಡೆಯವರಿಗೆ ಇನ್ನೊಂದು ತೊಡಕಿದೆ. ಎಂಟನೆಯ ವಯಸ್ಸಿನ ತನಕ, ಅಂದರೆ ಎನಾಮಲ್ ರೂಪುಗೊಳ್ಳುವ ಕಾಲದಲ್ಲಿ, ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದವರ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಮಚ್ಚೆಗಳಿರುತ್ತವೆ. ಈ ಎನಾಮಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗದು. ಹದಿನೈದು ಸೆಕೆಂಡಿಗೆ ಬೀಳಬೇಕಾದ ತೂತುಗಳು ಅರೆಬರೆಯಾಗಿ, ಕೆಲವೇ ತಿಂಗಳಲ್ಲಿ ಫಿಲ್ಲಿಂಗ್ ಕಳಚಿಕೊಳ್ಳಬಹುದು. ಮೇಲ್ಪದರವನ್ನು ತುಸು ಉಜ್ಜಿ ತೆಗೆದು, ಆಮ್ಲವನ್ನು ಹೆಚ್ಚು ಹೊತ್ತು ಬಿಡುವುದು ವೈದ್ಯರು ಕಂಡುಕೊಂಡ ದಾರಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮುಂದಿನ ಹಲ್ಲಿಗೆ ಫಿಲ್ಲಿಂಗ್ ಮಾಡಿಸುವಾಗ ಬಾಲ್ಯ ಯಾವ ಊರಿನಲ್ಲಿ ಕಳೆಯಿತು ಎಂದು ತಿಳಿಸಿದರೆ ಉಪಯೋಗವಿದೆ.

ಮುಂದಿನ ಹಲ್ಲಿಗೆ ಬಣ್ಣ ಹೊಂದಿಸುವುದು ಕೆಲಸದ ಆರಂಭದಲ್ಲೇ ಆಗಬೇಕು. ಬಾಯಿ ತೆರೆದು ಹತ್ತು ನಿಮಿಷವಾದರೆ ಹಲ್ಲು ಒಣಗಿ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣ ಮನೆಗೆ ಹೋಗುವಷ್ಟರಲ್ಲಿ ಎದ್ದು ಕಾಣತೊಡಗುತ್ತದೆ. ಹಲ್ಲು ಬಿಳಿಮಾಡಿಸುವ ಬ್ಲೀಚಿಂಗ್ ಯೋಚನೆಯಿದ್ದರೆ ಅದನ್ನು ಮೊದಲು ಮುಗಿಸಿ, ಎರಡು ವಾರ ಬಿಟ್ಟು ಫಿಲ್ಲಿಂಗ್‌ಗೆ ಹೋಗಿ. ಬ್ಲೀಚ್ ಹಲ್ಲಿನಲ್ಲಿ ಉಳಿಸುವ ಆಮ್ಲಜನಕ ಅಂಟನ್ನು ಕೆಡಿಸುತ್ತದೆ, ಮತ್ತು ಕಾಂಪೋಸಿಟ್ ಬ್ಲೀಚ್‌ಗೆ ಬೆಳ್ಳಗಾಗುವುದೂ ಇಲ್ಲ.

ಚೆನ್ನಾಗಿರುವ ಹಳೆಯ ಬೆಳ್ಳಿ ಫಿಲ್ಲಿಂಗನ್ನು ಬಣ್ಣಕ್ಕಾಗಿ ಮಾತ್ರ ಕೀಳಿಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚಾಗಿ ಏಳುತ್ತದೆ, ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಬಿಳಿಯದರ ಅಂಚು ಚೂರು ಮುರಿದಿದ್ದರೆ ಇಡೀ ಫಿಲ್ಲಿಂಗ್ ತೆಗೆಯಬೇಕಾಗಿಲ್ಲ. ಮುರಿದ ಜಾಗವನ್ನು ಒರಟಾಗಿಸಿ, ಮತ್ತೆ ಅಂಟು ಸವರಿ, ಅಷ್ಟಕ್ಕೇ ಹೊಸ ಕಾಂಪೋಸಿಟ್ ಕೂರಿಸಬಹುದು. ಹೊಸದು ಹಾಕೋಣ ಎಂದು ವೈದ್ಯರು ಹೇಳಿದಾಗ ‘ಇದನ್ನೇ ಸರಿಮಾಡಲು ಆಗುತ್ತದೆಯೇ?’ ಎಂದು ಒಮ್ಮೆ ಕೇಳಿ ನೋಡಿ.