ಅಂಗಿಯ ಚೀಟಿ ಓದಿ, ಹುಳುಕಡ್ಡಿ ದೂರವಿಡಿ

ಹೊಸ ಅಂಗಿ ಮನೆಗೆ ಬಂದ ದಿನವೇ ಕೊರಳಪಟ್ಟಿಯ ಒಳಗಿನ ಚೀಟಿಗೆ ಕತ್ತರಿ ಬೀಳುತ್ತದೆ. ಕುತ್ತಿಗೆಗೆ ಚುಚ್ಚುತ್ತದೆ ಎಂಬುದು ಕಾರಣ. ಅದರ ಮೇಲಿರುವ ಬೋಗುಣಿ, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ, ವೃತ್ತಗಳ ಅರ್ಥವೇನೆಂದು ಬಹಳ ಮಂದಿ ವಿಚಾರಿಸುವುದಿಲ್ಲ. ಬಟ್ಟೆ ಕೆಡದಿರಲೆಂದು ಹಾಕಿದ ಗುರುತುಗಳಿಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ.

ಕಲಬುರಗಿ, ತಾಜಸುಲ್ತಾನಪುರ, ಕಮಲಾಪುರ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿಯುವವರು, ಆಟೋ ಓಡಿಸುವವರು, ದಪ್ಪ ಸಮವಸ್ತ್ರ ತೊಡುವವರು, ಒಲೆಯ ಮುಂದೆ ನಿಲ್ಲುವ ಗೃಹಿಣಿಯರು, ಎಲ್ಲರ ಬಟ್ಟೆಯೂ ಬೆವರಿನಲ್ಲಿ ತೊಯ್ದು ಮೈಗೆ ಅಂಟಿಕೊಂಡಿರುತ್ತದೆ. ತೊಡೆಸಂದಿ, ಸೊಂಟ, ಕಂಕುಳಲ್ಲಿ ಉಂಗುರದ ಆಕಾರದ ಕೆಂಪು ಕಲೆ ಎದ್ದು ವಿಪರೀತ ತುರಿಸತೊಡಗುತ್ತದೆ. ಇದೇ ಹುಳುಕಡ್ಡಿ ಅಥವಾ ಗಜಕರ್ಣ. ಹೆಸರಿನಲ್ಲಿ ಹುಳು ಇದ್ದರೂ ಕಾರಣ ಹುಳುವಲ್ಲ, ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಈ ರೋಗ ಹಟಮಾರಿಯಾಗಿದೆ. ಔಷಧಿಗೆ ಸುಲಭವಾಗಿ ಬಗ್ಗದ ಒಂದು ಬಗೆಯನ್ನು ವಿಜ್ಞಾನಿಗಳು 2020ರಲ್ಲಿ 'ಟ್ರೈಕೋಫೈಟಾನ್ ಇಂಡೋಟಿನಿಯೆ' ಎಂದು ಹೆಸರಿಸಿದರು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಬಟ್ಟೆ. ಶಿಲೀಂಧ್ರದ ಬೀಜಕಣಗಳು ಒಳಉಡುಪು, ಟವೆಲ್, ಚಾದರಗಳಲ್ಲಿ ಬಹುಕಾಲ ಬದುಕಬಲ್ಲವು. 30 ಡಿಗ್ರಿ ನೀರಿನಲ್ಲಿ ಒಗೆದರೆ ಅವು ಸಾಯುವುದಿಲ್ಲ, ಜೊತೆಗೆ ನೆನೆಸಿದ ಬೇರೆಯವರ ಬಟ್ಟೆಗೂ ಅಂಟಬಹುದು. 60 ಡಿಗ್ರಿಯಲ್ಲಿ ಒಗೆದರೆ ಸಾಯುತ್ತವೆ. ಯಾವ ಬಟ್ಟೆ ಅಷ್ಟು ಬಿಸಿ ತಾಳುತ್ತದೆ ಎಂಬುದನ್ನು ಹೇಳುವುದೇ ಆ ಚೀಟಿ.

ಐದು ಚಿತ್ರಗಳ ಅರ್ಥ

ಈ ಗುರುತುಗಳನ್ನು ರೂಪಿಸಿದ್ದು 1963ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ 'ಗಿನೆಟೆಕ್ಸ್' ಎಂಬ ಸಂಘ. 1991ರಲ್ಲಿ ಇವು ಅಂತರರಾಷ್ಟ್ರೀಯ ಮಾನಕವಾದವು. ಭಾಷೆ ಬಾರದವರಿಗೂ ತಿಳಿಯಲೆಂದೇ ಚಿತ್ರಗಳಲ್ಲಿವೆ.

ನೀರು ತುಂಬಿದ ಬೋಗುಣಿ ಎಂದರೆ ಒಗೆಯುವುದು. ಒಳಗಿನ ಅಂಕಿ ನೀರಿನ ಗರಿಷ್ಠ ಬಿಸಿ. ಕೆಲವು ಬಟ್ಟೆಗಳಲ್ಲಿ ಅಂಕಿಯ ಬದಲು ಚುಕ್ಕೆಗಳಿರುತ್ತವೆ: ಒಂದು ಚುಕ್ಕೆಗೆ 30, ಎರಡಕ್ಕೆ 40, ನಾಲ್ಕಕ್ಕೆ 60 ಡಿಗ್ರಿ. ಬೋಗುಣಿಯಲ್ಲಿ ಕೈ ಇದ್ದರೆ ಮೃದುವಾಗಿ ಕೈಯಲ್ಲೇ ಒಗೆಯಬೇಕು. ಕೆಳಗೆ ಗೆರೆ ಇದ್ದರೆ ಯಂತ್ರವನ್ನು ನಿಧಾನಗತಿಯಲ್ಲಿ ತಿರುಗಿಸಬೇಕು.

ತ್ರಿಕೋನ ಬ್ಲೀಚಿಗೆ ಸಂಬಂಧಿಸಿದ್ದು. ಖಾಲಿ ಇದ್ದರೆ ಯಾವ ಬ್ಲೀಚಾದರೂ ಸರಿ, ಒಳಗೆ ಎರಡು ಓರೆಗೆರೆ ಇದ್ದರೆ ಕ್ಲೋರಿನ್ ಬ್ಲೀಚ್ ಬೇಡ.

ಚೌಕ ಒಣಗಿಸುವುದನ್ನು ಹೇಳುತ್ತದೆ. ನಡುವೆ ನಿಂತ ಗೆರೆ ಇದ್ದರೆ ಹಗ್ಗದ ಮೇಲೆ, ಮಲಗಿದ ಗೆರೆ ಇದ್ದರೆ ಹಾಸಿ, ಮೂಲೆಯಲ್ಲಿ ಓರೆಗೆರೆಗಳಿದ್ದರೆ ನೆರಳಿನಲ್ಲಿ ಒಣಗಿಸಬೇಕು. ಚೌಕದೊಳಗೆ ವೃತ್ತವಿದ್ದರೆ ಅದು ಒಣಗಿಸುವ ಯಂತ್ರಕ್ಕೆ.

ಇಸ್ತ್ರಿಪೆಟ್ಟಿಗೆಯ ಒಳಗೆ ಒಂದು ಚುಕ್ಕೆ ಇದ್ದರೆ 110, ಎರಡಿದ್ದರೆ 150, ಮೂರಿದ್ದರೆ 200 ಡಿಗ್ರಿವರೆಗೆ ಕಾಯಿಸಬಹುದು. ಹತ್ತಿ ಬಟ್ಟೆಗೆ ಸಾಮಾನ್ಯವಾಗಿ ಮೂರು ಚುಕ್ಕೆ, ನೈಲಾನಿಗೆ ಒಂದೇ.

ಬರಿಯ ವೃತ್ತ ಡ್ರೈಕ್ಲೀನಿಂಗ್ ಅಂಗಡಿಯವರಿಗೆ. ಒಳಗಿನ 'ಪಿ', 'ಎಫ್' ಅಕ್ಷರಗಳು ಯಾವ ದ್ರಾವಕ ಬಳಸಬೇಕೆಂಬ ಸೂಚನೆ. ಅಲ್ಲಿಂದ ತಂದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ವಾಸನೆ ಹೋಗುವವರೆಗೆ ಗಾಳಿಗೆ ಹಾಕಿ ನಂತರವೇ ತೊಡಿ. ಯಾವ ಚಿತ್ರದ ಮೇಲಾದರೂ ಕತ್ತರಿ ಗುರುತು ಇದ್ದರೆ ಆ ಕೆಲಸ ಮಾಡಲೇಬಾರದು.

ಮನೆಯಲ್ಲಿ ಹುಳುಕಡ್ಡಿ ಇದ್ದಾಗ

ರೋಗಿಯ ಬಟ್ಟೆ, ಟವೆಲ್, ಚಾದರಗಳನ್ನು ಬೇರೆಯಾಗಿಡಿ. ಚೀಟಿ 60 ಅಥವಾ ಅದಕ್ಕಿಂತ ಹೆಚ್ಚು ಎಂದರೆ ಬಿಸಿನೀರಿನಲ್ಲೇ ಒಗೆಯಿರಿ. ಕುದಿಯುವ ನೀರು ಮತ್ತು ತಣ್ಣೀರನ್ನು ಸಮಪಾಲು ಬೆರೆಸಿದರೆ ಹೆಚ್ಚುಕಡಿಮೆ 60 ಡಿಗ್ರಿ ಆಗುತ್ತದೆ. ಈ ನೀರು ಕ್ಷಣಾರ್ಧದಲ್ಲಿ ಚರ್ಮ ಸುಡುತ್ತದೆ. ಕೋಲಿನಿಂದ ತಿರುವಿರಿ, ಮಕ್ಕಳನ್ನು ದೂರವಿಡಿ. ನಂತರ ಒಳಮೈ ಹೊರಗೆ ಮಾಡಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಹೊಲಿಗೆಯ ಅಂಚುಗಳಿಗೆ ಚೆನ್ನಾಗಿ ಇಸ್ತ್ರಿ ಹಾಕಿ. ರೋಗ ವಾಸಿಯಾಗುವವರೆಗೆ ದಿನವೂ ತೊಡುವುದಕ್ಕೆ ಬಿಸಿನೀರು ತಾಳುವ ಸಡಿಲವಾದ ಹತ್ತಿ ಬಟ್ಟೆಯನ್ನೇ ಆರಿಸಿಕೊಳ್ಳಿ. ಬಿಗಿಯಾದ ಜೀನ್ಸ್, ನೈಲಾನ್ ಒಳಉಡುಪು ಸದ್ಯಕ್ಕೆ ಬೇಡ.

ಕಜ್ಜಿಗೂ ಇದೇ ಉಪಾಯ. ಅದರ ಹುಳು 50 ಡಿಗ್ರಿ ಬಿಸಿಯಲ್ಲಿ 10 ನಿಮಿಷ ಬದುಕದು. ಒಗೆಯಲಾಗದ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೆ, ಮನುಷ್ಯನ ಮೈ ಸಿಗದೆ ಹುಳು ಸಾಯುತ್ತದೆ.

ಸೋಪು ಮತ್ತು ಬ್ಲೀಚಿನ ವಿಷಯ

ಸುಣ್ಣಕಲ್ಲಿನ ನೆಲವಾದ್ದರಿಂದ ನಮ್ಮ ಭಾಗದ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ನೊರೆ ಬರಲಿಲ್ಲವೆಂದು ಸೋಪು, ಪುಡಿ ಹೆಚ್ಚು ಸುರಿಯುತ್ತೇವೆ. ಅದರ ಅಂಶ ಎಳೆಗಳಲ್ಲಿ ಉಳಿದು ಸೂಕ್ಷ್ಮ ಚರ್ಮದವರಿಗೆ ತುರಿಕೆ ತರುತ್ತದೆ. ಪುಡಿ ಹೆಚ್ಚಿಸುವ ಬದಲು ಇನ್ನೊಂದು ಸಲ ಜಾಲಿಸಿ. ಬ್ಲೀಚನ್ನು ಶೌಚಾಲಯ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯ. ಕುಡಿಯುವ ನೀರಿನ ಬಾಟಲಿಯಲ್ಲಿ ಬ್ಲೀಚ್ ತುಂಬಿಡುವ ಅಭ್ಯಾಸವೂ ಬೇಡ.

ಬಾಣಂತಿ ಮನೆಯಲ್ಲಿದ್ದರೆ ಇನ್ನೊಂದು ಎಚ್ಚರಿಕೆ. ಟ್ರಂಕಿನಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟ ಕುಲಾವಿ, ಶಾಲುಗಳನ್ನು ನೇರವಾಗಿ ಕೂಸಿಗೆ ಹೊದಿಸಬೇಡಿ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಕೂಸಿನ ಬಟ್ಟೆಯ ಹತ್ತಿರ ಆ ಗುಳಿಗೆಯನ್ನು ಇಡದಿರುವುದೇ ಕ್ಷೇಮ.

ಬಟ್ಟೆ ಬಿಸಿನೀರಿಗೆ ಹಾಕಿದ ಮಾತ್ರಕ್ಕೆ ಹುಳುಕಡ್ಡಿ ಗುಣವಾಗದು. ಔಷಧಿಯನ್ನು ವೈದ್ಯರು ಹೇಳಿದಷ್ಟು ವಾರ ತಪ್ಪದೆ ತೆಗೆದುಕೊಳ್ಳಬೇಕು, ತುರಿಕೆ ನಿಂತಿತೆಂದು ನಡುವೆ ಬಿಡಬಾರದು. ಮನೆಯಲ್ಲಿ ಇನ್ನಾರಿಗಾದರೂ ಕಲೆ ಇದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಚೀಟಿ ಚುಚ್ಚುವುದಾದರೆ ಕತ್ತರಿಸಿ, ಆದರೆ ಎಸೆಯಬೇಡಿ. ಯಾವ ಬಟ್ಟೆಯದೆಂದು ಬರೆದು, ಒಗೆಯುವ ಜಾಗದ ಹತ್ತಿರ ಒಂದು ಡಬ್ಬಿಯಲ್ಲಿ ಹಾಕಿಡಿ.