ಭೀಮಸಮುದ್ರದ ತುಕ್ಕು, ನಮ್ಮ ಮೈಯ ಬೆವರು

ಸಿರಿಗೆರೆಯಿಂದ ಭೀಮಸಮುದ್ರದ ಕಡೆಗೆ ಹೋದವರು ಅಲ್ಲಿನ ಕೆಂಪು ಗುಡ್ಡಗಳನ್ನು ನೋಡಿರುತ್ತೀರಿ. ಅದಿರಿನ ಲಾರಿಗಳ ಧೂಳಿಗೆ ಮೂಗು ಮುಚ್ಚಿಕೊಂಡವರೂ ಇದ್ದೀರಿ. (ಆ ಧೂಳಿನ ಬಗ್ಗೆ ಬೇರೊಂದು ವಾರ ಬರೆಯಬೇಕು.) ಆ ಕೆಂಪು ಬೇರೇನೂ ಅಲ್ಲ, ಒಂದು ಬಗೆಯ ತುಕ್ಕು. ತುಕ್ಕು ಹಿಡಿಯಲು ಕಬ್ಬಿಣದ ಜತೆ ಆಮ್ಲಜನಕವೂ ಬೇಕಲ್ಲವೆ? ಆದರೆ ಈ ಕಲ್ಲುಗಳು ಹುಟ್ಟಿದ ಸುಮಾರು 260 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು.

ಆಗ ಇಲ್ಲಿ ಸಮುದ್ರವಿತ್ತು. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಹ ಬಂಡೆಗಳಿವೆ. ಲಾವಾರಸ ನೀರಿನೊಳಗೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲುಗಳಲ್ಲಿ ಅಂದಿನ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬೆಳೆದ ಗುರುತುಗಳೂ ಸಿಕ್ಕಿವೆ. ನಮ್ಮ ಕೆರೆಗಳಲ್ಲಿ ಇಂದಿಗೂ ಕಾಣುವ ನೀಲಿಹಸಿರು ಪಾಚಿಯ ಪೂರ್ವಜರು ಬಿಸಿಲಿನಲ್ಲಿ ಆಹಾರ ತಯಾರಿಸಿ ಆಮ್ಲಜನಕ ಬಿಡುತ್ತಿದ್ದವು. ಅದು ಗಾಳಿಗೆ ಸೇರುವ ಮೊದಲೇ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಅದನ್ನು ಹೀರಿಕೊಂಡು ತಳಕ್ಕೆ ಕೂತಿತು ಎಂಬುದು ಬಹುಪಾಲು ವಿಜ್ಞಾನಿಗಳು ಒಪ್ಪುವ ವಿವರಣೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ಗಾಳಿಗೂ ಸೇರತೊಡಗಿತು. ಈಗ ಶೇಕಡ 21ರಷ್ಟಿದೆ.

ಇನ್ನೊಂದು ಸೋಜಿಗ ಕೇಳಿ. ಅಂದಿನ ಸೂರ್ಯ ಇಂದಿಗಿಂತ ಐದನೇ ಒಂದು ಪಾಲಿನಷ್ಟು ಮಂಕಾಗಿದ್ದ. ಆದರೂ ಸಮುದ್ರ ಹೆಪ್ಪುಗಟ್ಟಲಿಲ್ಲ. ಅಂದಿನ ಗಾಳಿಯಲ್ಲಿ ಹೇರಳವಾಗಿದ್ದ ಇಂಗಾಲದ ಡೈ ಆಕ್ಸೈಡ್ ಮತ್ತು ಮೀಥೇನ್ ಭೂಮಿಗೆ ಹೊದಿಕೆಯಾಗಿದ್ದವು. ನಮ್ಮ ಚಳ್ಳಕೆರೆಯ ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಹಸಿರುಮನೆ ಅನಿಲಗಳ ಕೆಲಸವೂ ಹೆಚ್ಚುಕಡಿಮೆ ಅದೇ. ಅವಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತು. ಆದ್ದರಿಂದ ಕಂಬಳಿಯನ್ನು ಬೈಯಬೇಡಿ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ಅದನ್ನು ದಪ್ಪ ಮಾಡುತ್ತಿರುವವರು ನಾವು. ಕೈಗಾರಿಕೆಗಳು ಬರುವ ಮುನ್ನ ಹತ್ತು ಲಕ್ಷ ಪಾಲು ಗಾಳಿಯಲ್ಲಿ 280 ಪಾಲಿದ್ದ ಇಂಗಾಲದ ಡೈ ಆಕ್ಸೈಡ್ 1958ರಲ್ಲಿ 315 ಆಗಿತ್ತು, 2024ರಲ್ಲಿ 420 ದಾಟಿತ್ತು.

ಇದರಿಂದ ಉಸಿರು ಕಟ್ಟುತ್ತದೆಯೆ ಎಂದು ಹೆದರಬೇಡಿ. ನೀವು ಹೊರಬಿಡುವ ಉಸಿರಿನಲ್ಲೇ ಅದು ಶೇಕಡ 4ರಷ್ಟಿರುತ್ತದೆ. ಕಷ್ಟ ಬರುವುದು ಸೆಕೆಯಿಂದ.

ಸೆಕೆಯಲ್ಲಿ ಮೈ ತಣಿಸಲು ಹೃದಯವು ಚರ್ಮದ ಕಡೆಗೆ ಹೆಚ್ಚು ರಕ್ತ ನೂಕಬೇಕು. ರಕ್ತದಲ್ಲಿ ಆಮ್ಲಜನಕ ಹೊರುವುದು ಅದೇ ಕಬ್ಬಿಣ. ದೊಡ್ಡವರ ಮೈಯಲ್ಲಿ ಇರುವುದೆಲ್ಲ 3-4 ಗ್ರಾಂ ಅಷ್ಟೆ. ಅದು ಕಡಿಮೆಯಾದರೆ ರಕ್ತಹೀನತೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದಿದೆ. ಮೊದಲೇ ಏದುಸಿರು ಬಿಡುವ ಹೆಂಗಸು ಏಪ್ರಿಲ್ ಬಿಸಿಲಿನಲ್ಲಿ ಹೊಲಕ್ಕಿಳಿದರೆ ಅವಳ ಹೃದಯಕ್ಕೆ ಎರಡು ಪಾಲು ದುಡಿಮೆ. ಕಬ್ಬಿಣದ ಮಾತ್ರೆ ಕೊಟ್ಟಾಗ ಕಪ್ಪು ಭೇದಿಯಾಗುತ್ತದೆಂದು ಬಿಸಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಲ ಕಪ್ಪಾಗುವುದು ಮಾತ್ರೆಯ ಗುಣ, ಕಾಯಿಲೆಯಲ್ಲ. ಮಾತ್ರೆಯ ಜತೆ ಟೀ, ಕಾಫಿ ಮಾತ್ರ ಬೇಡ.

ಬೇಸಿಗೆಯಲ್ಲಿ ಹೊಲದ ಕೆಲಸ ಬೆಳಿಗ್ಗೆ ಹತ್ತಕ್ಕೆ ಮುಗಿಯಲಿ. ಬಾಯಾರುವ ಮೊದಲೇ ನೀರು, ಮಜ್ಜಿಗೆ ಕುಡಿಯಿರಿ. ಶೀಟಿನ ಮನೆಯವರು ಮಧ್ಯಾಹ್ನ ಮುದುಕರನ್ನೂ ಕೂಸುಗಳನ್ನೂ ಮರದ ನೆರಳಿಗೆ ಕರೆತನ್ನಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಒಮ್ಮೆ ಕೇಳಿ, ತಾವಾಗಿ ನಿಲ್ಲಿಸಬೇಡಿ.

ಬಿಸಿಲಿನಲ್ಲಿದ್ದವರು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಉಷ್ಣಾಘಾತ. ಬೆವರು ಇದ್ದರೂ ಇರಬಹುದು. 108ಕ್ಕೆ ಫೋನು ಮಾಡಿ, ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.